ಪಕ್ಕದ ಎಲಿಮೆಂಟನ್ನು ಹುಡುಕಿದ ಕಥೆ: ಜೆಕ್ವೇರಿ ಇತಿಹಾಸದ ಒಂದು ಪುಟ

ವೆಬ್ ಪುಟದಲ್ಲಿ ಒಂದು ಪ್ರಶ್ನೆಯ ಮೇಲೆ ಕ್ಲಿಕ್ ಮಾಡಿದರೆ ಅದರ ಕೆಳಗಿನ ಉತ್ತರ ತೆರೆದುಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಪ್ರಶ್ನೆ ಒಂದು ಎಲಿಮೆಂಟ್, ಉತ್ತರ ಅದರ ಪಕ್ಕದ ಇನ್ನೊಂದು ಎಲಿಮೆಂಟ್. ಒಂದನ್ನು ಹಿಡಿದು ಪಕ್ಕದ್ದನ್ನು ಹುಡುಕುವುದು ಕಂಪ್ಯೂಟರ್ ವಿದ್ಯಾರ್ಥಿಗೆ ಇಂದು ಒಂದೇ ಸಾಲಿನ ಕೆಲಸ. ಆದರೆ ಈ ಸಾಲಿನ ಹಿಂದೆ 25ಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. ನಂತರ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ನಡುವೆ ಪೈಪೋಟಿ ಬೆಳೆದು, ಪುಟದ ಭಾಗಗಳನ್ನು ಮುಟ್ಟುವ ದಾರಿ ಒಂದೊಂದು ಬ್ರೌಸರಿನಲ್ಲಿ ಒಂದೊಂದು ಎಂಬಂತಾಯಿತು. ಇದನ್ನು ಸರಿಪಡಿಸಲು ಡಬ್ಲ್ಯೂ3ಸಿ ಸಂಸ್ಥೆ 1998ರ ಅಕ್ಟೋಬರಿನಲ್ಲಿ ಡಾಮ್ ಎಂಬ ನಿಯಮಾವಳಿಯ ಮೊದಲ ಹಂತವನ್ನು ಅಂಗೀಕರಿಸಿತು. ಅದು ಇಡೀ ಪುಟವನ್ನು ಒಂದು ವಂಶವೃಕ್ಷವಾಗಿ ಕಂಡಿತು: ಪೇರೆಂಟ್, ಚೈಲ್ಡ್, ಸಿಬ್ಲಿಂಗ್. ಮೊದಲು ಹುಟ್ಟಿದವರಿಗೂ ನಂತರ ಹುಟ್ಟಿದವರಿಗೂ ಸಿಬ್ಲಿಂಗ್ ಒಂದೇ ಪದವಾದ್ದರಿಂದ ‘ನೆಕ್ಸ್ಟ್’, ‘ಪ್ರೀವಿಯಸ್’ ಎಂದು ಸೇರಿಸಬೇಕಾಯಿತು. ಕನ್ನಡದಲ್ಲಾಗಿದ್ದರೆ ಅಣ್ಣ, ತಮ್ಮ ಎಂದರೆ ಮುಗಿಯುತ್ತಿತ್ತು!

ತೊಡಕು ಬಂದದ್ದು ಖಾಲಿ ಜಾಗದಿಂದ. ಎರಡು ಟ್ಯಾಗುಗಳ ನಡುವೆ ನಾವು ಎಂಟರ್ ಒತ್ತಿ ಬಿಟ್ಟ ಜಾಗವನ್ನೂ ಮೊಜಿಲ್ಲಾ ಬ್ರೌಸರ್ ಒಂದು ಪಠ್ಯದ ತುಣುಕೆಂದೇ ಲೆಕ್ಕ ಹಾಕುತ್ತಿತ್ತು. ಪಕ್ಕದವರು ಯಾರು ಎಂದು ಕೇಳಿದರೆ ಉತ್ತರವಾಗಿ ಆ ಖಾಲಿ ಜಾಗವೇ ಬರುತ್ತಿತ್ತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ ಅದನ್ನು ಬಿಟ್ಟು ಮುಂದಿನ ಎಲಿಮೆಂಟನ್ನು ಕೊಡುತ್ತಿತ್ತು. ನಿಯಮದ ಪ್ರಕಾರ ಮೊಜಿಲ್ಲಾ ನಡೆದದ್ದೇ ಸರಿ ಎನ್ನಬೇಕು. ಆದರೆ ಒಂದೇ ಪುಟಕ್ಕೆ ಎರಡು ಉತ್ತರ ಬಂದಾಗ ಪ್ರೋಗ್ರಾಮರ್ ಏನು ಮಾಡಬೇಕು? ಸಿಕ್ಕಿದ್ದು ಎಲಿಮೆಂಟೇ ಹೌದೇ ಎಂದು ಪರೀಕ್ಷಿಸುತ್ತಾ ಮುಂದೆ ಹೋಗುವ ಲೂಪನ್ನು ಪ್ರತಿ ಸಲವೂ ತಾನೇ ಬರೆಯಬೇಕಿತ್ತು.

ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್ ಭಾಷೆಯಲ್ಲಿ ಸುಲಭ ದಾರಿಯೊಂದಿತ್ತು. 1998ರ ಮೇ ತಿಂಗಳ ಅದರ ಎರಡನೇ ಆವೃತ್ತಿಯಲ್ಲಿ ಎರಡು ಹೆಸರುಗಳ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ‘ಇದರ ಮರು ಪಕ್ಕದ್ದು’ ಎಂದರ್ಥ. ಆದರೆ 2001ರಲ್ಲಿ ಬಂದು ಹೆಚ್ಚಿನ ಕಂಪ್ಯೂಟರುಗಳಲ್ಲಿ ತಳವೂರಿದ ಎಕ್ಸ್‌ಪ್ಲೋರರ್ 6ಕ್ಕೆ ಈ ಚಿಹ್ನೆ ಅರ್ಥವೇ ಆಗುತ್ತಿರಲಿಲ್ಲ.

2006ರ ಜನವರಿಯಲ್ಲಿ ನ್ಯೂಯಾರ್ಕಿನ ಬಾರ್‌ಕ್ಯಾಂಪ್ ಕೂಟದಲ್ಲಿ ಜಾನ್ ರೆಸಿಗ್ ಎಂಬ ಯುವಕ ಜೆಕ್ವೇರಿ ಎಂಬ ಲೈಬ್ರರಿಯನ್ನು ಮುಂದಿಟ್ಟರು. ಸಿಎಸ್‌ಎಸ್‌ನ ಹುಡುಕುವ ಭಾಷೆಯನ್ನೇ ಸ್ಕ್ರಿಪ್ಟಿಗೂ ತರುವುದು ಅದರ ತಿರುಳು. ಡೀನ್ ಎಡ್ವರ್ಡ್ಸ್ ಅವರ ಸಿಎಸ್‌ಎಸ್‌ಕ್ವೇರಿ ಮೊದಲೇ ಈ ದಾರಿ ತುಳಿದಿತ್ತು. ಆಗಸ್ಟಿನಲ್ಲಿ ಬಂದ 1.0 ಆವೃತ್ತಿಯಲ್ಲಿಯೇ ನೆಕ್ಸ್ಟ್, ಪ್ರೆವ್, ಸಿಬ್ಲಿಂಗ್ಸ್ ಎಂಬ ಮೂರು ಆಜ್ಞೆಗಳಿದ್ದವು. ಅವು ಖಾಲಿ ಜಾಗವನ್ನು ತಾವೇ ದಾಟಿ, ಎಲ್ಲ ಬ್ರೌಸರುಗಳಲ್ಲೂ ಒಂದೇ ಉತ್ತರ ಕೊಟ್ಟವು.

ವಿದ್ಯಾರ್ಥಿಗಳು ಇಲ್ಲೊಂದು ವಿಷಯ ಗಮನಿಸಬೇಕು. ನೆಕ್ಸ್ಟ್ ಆಜ್ಞೆಗೆ ‘ಉತ್ತರ’ ಎಂಬ ಕ್ಲಾಸ್ ಹೆಸರು ಕೊಟ್ಟರೆ ಅದು ಮುಂದೆ ಮುಂದೆ ಹುಡುಕುತ್ತಾ ಹೋಗುವುದಿಲ್ಲ. ಮರು ಪಕ್ಕದ್ದು ಆ ಕ್ಲಾಸಿನದಾದರೆ ಮಾತ್ರ ಕೊಡುತ್ತದೆ, ಇಲ್ಲವಾದರೆ ಬರಿಗೈ. ಮುಂದಿನವರೆಲ್ಲರಲ್ಲೂ ಹುಡುಕಲು 2007ರ 1.2 ಆವೃತ್ತಿಯಲ್ಲಿ ನೆಕ್ಸ್ಟ್‌ಆಲ್ ಬಂತು. ಇಂತಲ್ಲಿಯವರೆಗೆ ಮಾತ್ರ ಎಂದು ಗಡಿ ಹಾಕುವ ನೆಕ್ಸ್ಟ್‌ಅಂಟಿಲ್ ಬಂದದ್ದು 2010ರಲ್ಲಿ.

ಈ ನಡುವೆ ಬ್ರೌಸರುಗಳೂ ಸುಧಾರಿಸಿದವು. ಖಾಲಿ ಜಾಗ ಬಿಟ್ಟು ಪಕ್ಕದ ಎಲಿಮೆಂಟನ್ನೇ ಕೊಡುವ ಸೌಲಭ್ಯ 2008ರ ಡಿಸೆಂಬರಿನಲ್ಲಿ ಡಬ್ಲ್ಯೂ3ಸಿ ನಿಯಮವಾಯಿತು. 2011ರ ಎಕ್ಸ್‌ಪ್ಲೋರರ್ 9 ಅದನ್ನು ಒಪ್ಪಿತು. ಆದರೆ ಹಿಂದಿನವರನ್ನು ಹುಡುಕುವುದು ಸಿಎಸ್‌ಎಸ್‌ಗೆ ಆಗಲೂ ಸಾಧ್ಯವಿರಲಿಲ್ಲ. ಪುಟ ಮೇಲಿನಿಂದ ಕೆಳಗೆ ಇಳಿದು ಬರುತ್ತಿರುವಾಗ, ಇನ್ನೂ ಬಾರದ ತಮ್ಮನನ್ನು ನೋಡಿ ಅಣ್ಣನ ಬಣ್ಣ ನಿರ್ಧರಿಸುವುದು ಬ್ರೌಸರಿಗೆ ಭಾರವೆಂಬ ಅಂಜಿಕೆ ಇತ್ತು. ಪುಟ ಬಂದು ಮುಗಿದ ಮೇಲೆ ಕೆಲಸ ಮಾಡುವ ಜೆಕ್ವೇರಿಗೆ ಆ ತಾಪತ್ರಯವಿಲ್ಲ. ಸಿಎಸ್‌ಎಸ್‌ನಲ್ಲಿ ಇದನ್ನು ಸಾಧ್ಯವಾಗಿಸಿದ ‘ಹ್ಯಾಸ್’ ಎಂಬ ಸೆಲೆಕ್ಟರ್ 2022ರ ಮಾರ್ಚಿನಲ್ಲಿ ಸಫಾರಿಗೆ, ಆಗಸ್ಟಿನಲ್ಲಿ ಕ್ರೋಮ್‌ಗೆ ಬಂತು. ಫೈರ್‌ಫಾಕ್ಸ್‌ಗೆ ತಲುಪಿದ್ದು 2023ರ ಡಿಸೆಂಬರಿನಲ್ಲಿ. ಜೆಕ್ವೇರಿಯ ಪ್ರೆವ್ ಹುಟ್ಟಿ ಆಗಲೇ 17 ವರ್ಷ ಕಳೆದಿತ್ತು.