ಸಿ ಡ್ರೈವ್‌ಗೂ ಮುಂಚೆ...

ಅಸೆಂಬಲ್ಡ್ ಕಂಪ್ಯೂಟರ್ ಇದ್ದ ಮನೆಗಳಲ್ಲೆಲ್ಲ ಒಂದು ಕಟ್ಟಳೆ ಇತ್ತು, ನಿಮಗೂ ನೆನಪಿರಬಹುದು. ವಿಂಡೋಸ್ ಸಿ ಡ್ರೈವ್‌ನಲ್ಲಿ. ಫೋಟೋ, ಹಾಡು, ಸಿನಿಮಾ ಎಲ್ಲಾ ಡಿ ಡ್ರೈವ್‌ನಲ್ಲಿ. ವೈರಸ್ ಬಂತಾ? ಸಿ ಫಾರ್ಮ್ಯಾಟ್ ಮಾಡು, ಡಿ ಮುಟ್ಟಬೇಡ. ಆದರೆ ಎಣಿಕೆ ಸಿ ಇಂದಲೇ ಯಾಕೆ ಶುರು? ಎ, ಬಿ ಎಲ್ಲಿ ಹೋದವು? ಇಂಜಿನಿಯರಿಂಗ್ ಮೂರನೇ ವರ್ಷದವರೆಗೂ ನನಗೆ ಈ ಪ್ರಶ್ನೆ ಹುಟ್ಟಿರಲಿಲ್ಲ. ಯಾಕೆ ಹುಟ್ಟಿತು ಅನ್ನೋದು ಆಮೇಲೆ.

1974ರಲ್ಲಿ ಗ್ಯಾರಿ ಕಿಲ್ಡಾಲ್ ಸಿಪಿ/ಎಂ ಬರೆದಾಗ ಫ್ಲಾಪಿ ಡ್ರೈವ್‌ಗಳನ್ನು ಎ, ಬಿ ಎಂದು ಕರೆದ. 1980ರಲ್ಲಿ ಟಿಮ್ ಪ್ಯಾಟರ್ಸನ್ ಅದರ ಜಾಡಿನಲ್ಲೇ 86-ಡಾಸ್ ಬರೆದ, ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದಕ್ಕೆ ಹಾರ್ಡ್ ಡಿಸ್ಕೇ ಇರಲಿಲ್ಲ. ಇದ್ದದ್ದು ಒಂದೋ ಎರಡೋ ಫ್ಲಾಪಿ, ಒಂದರಲ್ಲಿ ಹಿಡಿಸುತ್ತಿದ್ದದ್ದು 160 ಕೆಬಿ. ಒಂದೇ ಡ್ರೈವ್ ಇದ್ದವರಿಗೂ ಡಾಸ್ ಬಿ ಇದೆ ಅಂತ ನಾಟಕ ಆಡುತ್ತಿತ್ತು: ಈಗ ಬಿ ಫ್ಲಾಪಿ ಹಾಕಿ, ಈಗ ಎ ಫ್ಲಾಪಿ ಹಾಕಿ! ಹಾಗಾಗಿ 1983ರ ಪಿಸಿ ಎಕ್ಸ್‌ಟಿ ಜೊತೆ 10 ಎಂಬಿ ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ ಉಳಿದದ್ದು ಸಿ. ಫ್ಲಾಪಿಗಳು ಹೋದವು, ಅವುಗಳ ಕುರ್ಚಿ ಮಾತ್ರ ಖಾಲಿ ಉಳೀತು.

ಡಿ ಕಥೆ ಇನ್ನೂ ಮಜಾ. ಆಗಿನ ಡಾಸ್‌ಗೆ ಒಂದು ಪಾರ್ಟಿಷನ್ 32 ಎಂಬಿ ದಾಟುವಂತಿರಲಿಲ್ಲ. ದೊಡ್ಡ ಡಿಸ್ಕ್ ತಂದವನು ಅದನ್ನು ತುಂಡು ಮಾಡಲೇಬೇಕು. 1987ರ ಡಾಸ್ 3.3 ಅದಕ್ಕೆ ದಾರಿ ಮಾಡಿತು. ಎಡವಟ್ಟೂ ಅಲ್ಲೇ ಇತ್ತು: ಡಾಸ್ ಮೊದಲು ಪ್ರತಿ ಡಿಸ್ಕಿನ ಪ್ರೈಮರಿ ಪಾರ್ಟಿಷನ್‌ಗೆ ಅಕ್ಷರ ಹಂಚಿ, ಉಳಿದವಕ್ಕೆ ಆಮೇಲೆ ಕೊಡುತ್ತಿತ್ತು. ಎರಡನೇ ಡಿಸ್ಕ್ ಸಿಕ್ಕಿಸಿದರೆ ನಿನ್ನೆಯ ಡಿ ಇವತ್ತು ಇ! ಈಗಿನ ವಿಂಡೋಸ್ ಅಂತೂ ಸಾಮಾನ್ಯವಾಗಿ ತಾನು ಕೂತ ಜಾಗವನ್ನೇ ಸಿ ಅನ್ನುತ್ತೆ. ಅಂದರೆ ಅಕ್ಷರ ಡಿಸ್ಕಿನ ಮೈಮೇಲೆ ಬರೆದದ್ದಲ್ಲ.

ಇದು ನನಗೆ ಗೊತ್ತಿರಲಿಲ್ಲ. 2017ರಲ್ಲಿ ಮನೆಯ ಕಂಪ್ಯೂಟರ್‌ಗೆ ಉಬುಂಟು ಹಾಕೋಕೆ ಕೂತೆ. ಎರಡು ಡಿಸ್ಕ್, ಎರಡೂ ಒಂದೇ ಕಂಪನಿಯವು, ಎರಡೂ 500 ಜಿಬಿ. ಲಿನಕ್ಸ್ ಅಕ್ಷರ ಕೇಳೋದಿಲ್ಲ, ಡಿಸ್ಕ್ ಕಣ್ಣಿಗೆ ಬಿದ್ದ ಸರದಿಯಲ್ಲಿ ಎಸ್‌ಡಿಎ, ಎಸ್‌ಡಿಬಿ ಅನ್ನುತ್ತೆ. 'ಎಸ್‌ಡಿಎ ಅಂದ್ರೆ ಮೊದಲನೇದು, ಅಂದ್ರೆ ಸಿ' ಅಂದುಕೊಂಡು ಪೂರ್ತಿ ಅಳಿಸು ಅಂದೆ. ಅದು ಡಿ ಆಗಿತ್ತು. ಹಿಂದಿನ ವರ್ಷ ತೀರಿಕೊಂಡ ಅಜ್ಜಿಯ ಹನ್ನೊಂದು ಸೋಬಾನೆ ಹಾಡು ಅದರಲ್ಲಿದ್ದವು, ನಾನೇ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದು.

ಅಮ್ಮನಿಗೆ ಹೇಳೋಕೆ ಎರಡು ದಿನ ಬೇಕಾಯ್ತು. 'ಡಿ ಮುಟ್ಟಬಾರದು ಅಂತ ನೀನೇ ಹೇಳ್ತಿದ್ಯಲ್ಲೋ' ಅಂದಳು, ಅಷ್ಟೇ.

ಫೋಟೋರೆಕ್ ರಾತ್ರಿಯಿಡೀ ಓಡಿಸಿದೆ. ಎರಡು ಹಾಡು ಸಿಕ್ಕವು, ಹೆಸರಿಲ್ಲದೆ, ಬರೀ ನಂಬರ್‌ಗಳಾಗಿ. ಒಂದರಲ್ಲಿ ಅರ್ಧ ಹಾಡಿಗೆ ಅಜ್ಜಿ ನಿಲ್ಲಿಸಿ, 'ಆನ್ ಆಗಿದೆಯೇನೋ ಅದು?' ಅಂತ ಕೇಳ್ತಾಳೆ.

ಈಗ ಏನೇ ಇನ್‌ಸ್ಟಾಲ್ ಮಾಡಲಿ, ಇನ್ನೊಂದು ಡಿಸ್ಕಿನ ಕೇಬಲ್ ಕಿತ್ತು ಮೇಜಿನ ಮೇಲಿಟ್ಟೇ ಶುರು ಮಾಡೋದು.