ಹೃದಯಭಿತ್ತಿಯ ಒಡಕು: ಶಸ್ತ್ರವೈದ್ಯದ ಇತಿಹಾಸದಲ್ಲೊಂದು ವಿವಾದ

ಹೃದಯಾಘಾತದ ತರುವಾಯ ಹೃದಯದ ಗೋಡೆ ಒಡೆಯುವುದುಂಟೆಂಬುದನ್ನು ವೈದ್ಯರು ಬಹುಕಾಲ ಶವಪರೀಕ್ಷೆಯಿಂದಲೇ ಅರಿತಿದ್ದರು. ರಕ್ತಪರಿಚಲನೆಯನ್ನು ಸಿದ್ಧಪಡಿಸಿ ತೋರಿಸಿದ ವಿಲಿಯಂ ಹಾರ್ವೆಯು 1649ರಲ್ಲಿ ರಿಯೋಲಾನನಿಗೆ ಬರೆದ ಉತ್ತರದಲ್ಲಿ, ಎದೆಯ ಬೇನೆಯಿಂದ ನರಳಿ ಮಡಿದ ಸರ್ ರಾಬರ್ಟ್ ಡಾರ್ಸಿಯ ಎಡ ಹೃತ್ಕುಕ್ಷಿಯಲ್ಲಿ ಬೆರಳು ತೂರುವಷ್ಟು ಬಿರುಕಿದ್ದುದನ್ನು ವರ್ಣಿಸಿದ್ದಾನೆ. ಎರಡು ಹೃತ್ಕುಕ್ಷಿಗಳ ನಡುವಣ ಗೋಡೆಯೇ ಹೀಗೆ ಒಡೆದುದನ್ನು ಲಂಡನ್ನಿನ ಲೇಥಮ್ 1845ರಲ್ಲಿ ವಿವರಿಸಿದನು.

ರಕ್ತ ದೊರೆಯದೆ ಸತ್ತ ಸ್ನಾಯು ಮೊದಲ ವಾರದಲ್ಲಿ ಮೆತ್ತಗಾಗುತ್ತದೆ. ಆಗ ಹೊರಗೋಡೆ ಬಿರಿದರೆ ಹೃದಯಾವರಣದಲ್ಲಿ ರಕ್ತ ತುಂಬಿ ಹೃದಯವನ್ನು ಅದುಮುವುದು. ನಡುಗೋಡೆ ಬಿರಿದರೆ ಎಡಗಡೆಯ ರಕ್ತ ಬಲಕ್ಕೆ ನುಗ್ಗುವುದು. ಕವಾಟವನ್ನು ಹಿಡಿದಿರುವ ಸ್ನಾಯು ಹರಿದರೆ ರಕ್ತ ಶ್ವಾಸಕೋಶದ ಕಡೆಗೆ ಹಿಮ್ಮರಳುವುದು.

1953ರಲ್ಲಿ ಫಿಲಡೆಲ್ಫಿಯದ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರವನ್ನು ಯಶಸ್ವಿಯಾಗಿ ಬಳಸಿದನು. ಮೂರೇ ವರ್ಷಗಳಲ್ಲಿ, 1956ರಲ್ಲಿ, ಹ್ಯೂಸ್ಟನ್ನಿನ ಡೆಂಟನ್ ಕೂಲಿ ಹೃದಯಾಘಾತದಿಂದ ಒಡೆದ ನಡುಗೋಡೆಯನ್ನು ಮೊಟ್ಟಮೊದಲು ಮುಚ್ಚಿದನು. ಆದರೆ ಹೊಸ ಗಾಯದ ಸ್ನಾಯುವಿನಲ್ಲಿ ಹೊಲಿಗೆ ನಿಲ್ಲದು. ಒದ್ದೆ ಕಾಗದವನ್ನು ಹೊಲಿದಂತೆಯೇ ಸರಿ. ಆದುದರಿಂದ ಕೆಲವು ವಾರ ಕಾದು, ಗಾಯ ಗಟ್ಟಿಯಾದ ಮೇಲೆಯೇ ಕತ್ತಿ ಹಿಡಿಯಬೇಕೆಂಬುದು ಅಂದಿನ ಮತವಾಯಿತು. ಕಾದವರ ಫಲಿತಾಂಶಗಳೂ ಉತ್ತಮವಾಗಿದ್ದುವು.

ಇತಿಹಾಸದ ಅಭ್ಯಾಸಿಗಳಾದ ನಾವು ಇಲ್ಲಿ ಕೊಂಚ ತಡೆಯಬೇಕು. ಕಾಯುವಾಗಲೇ ತೀರಿಕೊಂಡವರು ಶಸ್ತ್ರವೈದ್ಯನ ಲೆಕ್ಕಕ್ಕೆ ಬರಲೇ ಇಲ್ಲ. ಉಳಿದ ಶಾಸನಗಳಿಂದಲೇ ರಾಜ್ಯದ ಸ್ಥಿತಿಯನ್ನು ನಿರ್ಣಯಿಸುವಾಗ ನಮಗೊದಗುವ ತೊಡಕೂ ಇದೇ. 2012ರಲ್ಲಿ ಪ್ರಕಟವಾದ ಅಮೆರಿಕದ 2,876 ರೋಗಿಗಳ ಲೆಕ್ಕವನ್ನು ನೋಡಿ: ಆಘಾತವಾದ ಏಳು ದಿನಗಳೊಳಗೆ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಶೇಕಡ 54.1 ಮಂದಿ ಸತ್ತರು. ಅನಂತರ ಒಳಗಾದವರಲ್ಲಿ ಶೇಕಡ 18.4. ಇದು ಕಾಯುವಿಕೆಯ ಗುಣವೋ, ಕಾಯಬಲ್ಲವರ ಗಟ್ಟಿತನವೋ? ಎರಡನೆಯದರ ಪಾಲು ದೊಡ್ಡದೆಂದೇ ನಮ್ಮ ಎಣಿಕೆ. ರಕ್ತದೊತ್ತಡ ಕುಸಿಯುತ್ತಿರುವವನಿಗೆ ಕಾಲಾವಕಾಶವೆಲ್ಲಿಯದು?

1970ರ ದಶಕದಲ್ಲಿ ಬಾಸ್ಟನ್ನಿನ ಡ್ಯಾಗೆಟ್ ಮೊದಲಾದವರು ಬೇಗನೆ ಕೈಹಾಕುವ ಪಕ್ಷವನ್ನು ಎತ್ತಿಹಿಡಿದರು. ಟೊರಾಂಟೊವಿನ ಟೈರೋನ್ ಡೇವಿಡ್, ಸತ್ತ ಭಾಗದ ಗೊಡವೆಗೆ ಹೋಗದೆ, ಸುತ್ತಣ ಜೀವಂತ ಸ್ನಾಯುವಿಗೆ ತೇಪೆಯನ್ನು ಹೊಲಿದು, ಒಡಕಿನ ಮೇಲೆ ಒತ್ತಡವೇ ಬೀಳದಂತೆ ಮಾಡುವ ಕ್ರಮವನ್ನು ಬಳಕೆಗೆ ತಂದನು. ಅಡಚಿದ ಧಮನಿಯನ್ನು ಶೀಘ್ರವಾಗಿ ತೆರೆಯುವ ಚಿಕಿತ್ಸೆ ಹರಡಿದ ಮೇಲಂತೂ ಇಂಥ ಒಡಕುಗಳೇ ವಿರಳವಾದುವು. ಈಗ ಕೆಲವೆಡೆ ಯಂತ್ರಗಳಿಂದ ರಕ್ತಸಂಚಾರವನ್ನು ಕೆಲವು ದಿನ ನಡೆಸಿ, ಆ ಬಳಿಕ ಶಸ್ತ್ರಕ್ರಿಯೆಗೆ ತೊಡಗುತ್ತಾರೆ. ಹಳೆಯ ಕಾಯುವ ಪಕ್ಷ ಹೀಗೆ ಬೇರೊಂದು ಆಧಾರದ ಮೇಲೆ ಮರಳಿ ಬಂದಿದೆ.