ಗಂಟಲಿನ ನೋವು, ಹೃದಯದ ಗಾಯ

ದಿನಕ್ಕೆ ನಾಲ್ಕೈದು ಅವಧಿ ಪಾಠ ಮಾಡುವ ಶಿಕ್ಷಕರಾದ ನಿಮಗೆ ಗಂಟಲು ನೋವು ಹೊಸದಲ್ಲ. ಬಿಸಿನೀರಿಗೆ ಉಪ್ಪು ಬೆರೆಸಿ ಮುಕ್ಕಳಿಸಿ, ಮೆಣಸಿನ ಕಷಾಯ ಕುಡಿದು, ಮಾತು ಕಡಿಮೆ ಮಾಡಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಯಾರೂ ಅದನ್ನು ದೊಡ್ಡ ಕಾಯಿಲೆಯೆಂದು ಎಣಿಸುವುದಿಲ್ಲ. ಬಹುಪಾಲು ಗಂಟಲು ನೋವಿಗೆ ವೈರಸ್‌ಗಳೇ ಕಾರಣವಾದ್ದರಿಂದ ಈ ಎಣಿಕೆ ತಪ್ಪೂ ಅಲ್ಲ. ಆದರೆ ಕೆಲವು ಮಕ್ಕಳಲ್ಲಿ ಗಂಟಲು ವಾಸಿಯಾದ ಎರಡು ಮೂರು ವಾರಗಳ ಅನಂತರ ಜ್ವರ ಮರುಕಳಿಸುತ್ತದೆ, ಕೀಲುಗಳು ಊದಿಕೊಳ್ಳುತ್ತವೆ, ಹೃದಯದ ಕವಾಟಗಳಿಗೂ ಹಾನಿಯಾಗಬಹುದು. ಇದೇ ಕೀಲುವಾತ ಜ್ವರ (ರುಮ್ಯಾಟಿಕ್ ಜ್ವರ). ಗಂಟಲಿಗೂ ಹೃದಯಕ್ಕೂ ಎಲ್ಲಿಯ ಸಂಬಂಧ? ಇದಕ್ಕೆ ಉತ್ತರ ದೊರೆಯಲು ಸುಮಾರು ಮುಕ್ಕಾಲು ಶತಮಾನ ಹಿಡಿಯಿತು.

ಸರಪಳಿಯ ಪತ್ತೆ

1874ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ತಿಯೋಡೋರ್ ಬಿಲ್ರೋತ್, ಕೀವುಗಟ್ಟಿದ ಗಾಯಗಳಲ್ಲಿ ಮಣಿ ಪೋಣಿಸಿದಂತೆ ಸಾಲಾಗಿ ನಿಂತ ಸೂಕ್ಷ್ಮಜೀವಿಗಳನ್ನು ಕಂಡು ಅವುಗಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಹೆಸರಿಟ್ಟ. 1879ರಲ್ಲಿ ಲೂಯಿ ಪಾಸ್ಚರ್, ಬಾಣಂತಿಯರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಸೂತಿಕಾ ಜ್ವರದ ಹಿಂದೆ ಇಂಥದೇ ಸರಪಳಿ ಇರುವುದನ್ನು ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ. 1884ರಲ್ಲಿ ಜರ್ಮನಿಯ ರೋಸೆನ್‌ಬಾಖ್ ಈ ಜೀವಿಗೆ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್, ಅಂದರೆ ಕೀವು ಹುಟ್ಟಿಸುವ ಸರಪಳಿ ಎಂದು ನಾಮಕರಣ ಮಾಡಿದ. ಗಂಟಲನ್ನು ಕೆಡಿಸುವ ಮುಖ್ಯ ಬ್ಯಾಕ್ಟೀರಿಯವೂ ಇದೇ.

ತಪ್ಪಿಸಿಕೊಳ್ಳುವ ಅಪರಾಧಿ

ಆದರೆ ಕೀಲುವಾತ ಜ್ವರದ ರೋಗಿಯ ಊದಿದ ಕೀಲಿನ ದ್ರವದಲ್ಲಿ ಹುಡುಕಿದರೆ ಈ ಬ್ಯಾಕ್ಟೀರಿಯ ಸಿಗುತ್ತಿರಲಿಲ್ಲ, ಹೃದಯದಲ್ಲೂ ಸಿಗುತ್ತಿರಲಿಲ್ಲ. ಅಪರಾಧ ನಡೆದ ಸ್ಥಳದಲ್ಲಿ ಅಪರಾಧಿಯೇ ಇಲ್ಲ! 1931ರಲ್ಲಿ ನ್ಯೂಯಾರ್ಕಿನ ಆಲ್ವಿನ್ ಕೋಬರ್ನ್ ಮತ್ತು ಲಂಡನ್ನಿನ ಕಾಲಿಸ್ ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ವರದಿ ಮಾಡಿದರು: ಕೀಲುವಾತ ಜ್ವರ ಬರುವ ಕೆಲವು ವಾರಗಳ ಮೊದಲು ರೋಗಿಯ ಗಂಟಲಿನಲ್ಲಿ ಸ್ಟ್ರೆಪ್ಟೊಕಾಕಸ್ ಸೋಂಕು ಇರುತ್ತದೆ. 1932ರಲ್ಲಿ ಟಾಡ್ ಎಂಬ ವಿಜ್ಞಾನಿ, ಈ ಬ್ಯಾಕ್ಟೀರಿಯದ ವಿಷವಸ್ತುವಿಗೆ ಎದುರಾಗಿ ರಕ್ತದಲ್ಲಿ ಹುಟ್ಟುವ ಪ್ರತಿಕಾಯವನ್ನು ಅಳೆಯುವ ವಿಧಾನ ರೂಪಿಸಿದ. ಕಳ್ಳ ಓಡಿಹೋಗಿದ್ದರೂ ಅವನ ಹೆಜ್ಜೆಗುರುತು ಉಳಿದಿತ್ತು.

1933ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್, ಸ್ಟ್ರೆಪ್ಟೊಕಾಕಸ್‌ಗಳನ್ನು ಅವುಗಳ ಹೊರಭಿತ್ತಿಯಲ್ಲಿರುವ ಶರ್ಕರದ ಆಧಾರದ ಮೇಲೆ ಎ, ಬಿ, ಸಿ ಎಂದು ಗುಂಪುಗಳಾಗಿ ವಿಂಗಡಿಸಿದರು. ಕೀಲುವಾತ ಜ್ವರಕ್ಕೆ ನಂಟುಳ್ಳದ್ದು ಎ ಗುಂಪು. ಈ ಬ್ಯಾಕ್ಟೀರಿಯದ ಮೈಮೇಲಿರುವ ಎಂ ಪ್ರೋಟೀನನ್ನು ಕುರಿತು ಅವರು ನಡೆಸಿದ ಅಧ್ಯಯನ ಮುಂದೆ ಬಹಳ ಉಪಯೋಗಕ್ಕೆ ಬಂದಿತು. ಈ ಪ್ರೋಟೀನಿನ ಕೆಲವು ಭಾಗಗಳು ನಮ್ಮ ಹೃದಯದ ಪ್ರೋಟೀನುಗಳನ್ನು ಹೋಲುತ್ತವೆ. ಬ್ಯಾಕ್ಟೀರಿಯದ ವಿರುದ್ಧ ಸಜ್ಜಾದ ದೇಹದ ರಕ್ಷಣಾಪಡೆ, ಈ ಹೋಲಿಕೆಯಿಂದ ಮೋಸಹೋಗಿ ಸ್ವಂತ ಹೃದಯದ ಮೇಲೆಯೇ ಎರಗುತ್ತದೆ ಎಂಬುದು ಇಂದಿನ ವಿವರಣೆ.

ವಾಯುನೆಲೆಯ ಪ್ರಯೋಗ

ಹಾಗಾದರೆ ಗಂಟಲಿನಲ್ಲಿರುವಾಗಲೇ ಬ್ಯಾಕ್ಟೀರಿಯವನ್ನು ಕೊಂದರೆ ಹೃದಯ ಉಳಿಯುವುದೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ಕೀಲುವಾತ ಜ್ವರ ದೊಡ್ಡ ಸಮಸ್ಯೆಯಾಗಿತ್ತು. ಯುದ್ಧಾನಂತರ ವಯೋಮಿಂಗ್ ರಾಜ್ಯದ ವಾರನ್ ವಾಯುನೆಲೆಯಲ್ಲಿ ಚಾರ್ಲ್ಸ್ ರ್‍ಯಾಮೆಲ್‌ಕ್ಯಾಂಪ್ ನೇತೃತ್ವದ ತಂಡ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಗಂಟಲು ಸೋಂಕಿನಿಂದ ಆಸ್ಪತ್ರೆಗೆ ಬಂದ ಯೋಧರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಪೆನಿಸಿಲಿನ್ ಕೊಡಲಾಯಿತು. 1950ರಲ್ಲಿ ಡೆನ್ನಿ, ವಾನಮೇಕರ್ ಮೊದಲಾದವರು ಫಲಿತಾಂಶ ಪ್ರಕಟಿಸಿದರು. ಪೆನಿಸಿಲಿನ್ ಪಡೆದ 798 ಮಂದಿಯಲ್ಲಿ 2 ಜನರಿಗೆ ಕೀಲುವಾತ ಜ್ವರ ಬಂದಿತ್ತು. ಪಡೆಯದ 804 ಮಂದಿಯಲ್ಲಿ 17 ಜನರಿಗೆ ಬಂದಿತ್ತು.

ಭೌತವಿಜ್ಞಾನದ ಮೇಷ್ಟರಾದ ನನಗೆ ಇಲ್ಲೊಂದು ಲೆಕ್ಕ ಹಾಕಬೇಕೆನಿಸುತ್ತದೆ. ಇದು ಬರೀ ಆಕಸ್ಮಿಕ ಏಕಾಗಿರಬಾರದು? ಗುಂಪುಗಳು ಹೆಚ್ಚುಕಡಿಮೆ ಸಮ. ಔಷಧಿಯಿಂದ ಯಾವ ಪ್ರಯೋಜನವೂ ಇಲ್ಲದಿದ್ದರೆ ಒಟ್ಟು 19 ರೋಗಿಗಳಲ್ಲಿ ಪ್ರತಿಯೊಬ್ಬರೂ ಯಾವ ಗುಂಪಿನವರು ಎಂಬುದು ನಾಣ್ಯ ಚಿಮ್ಮಿದಂತೆ. 19 ಸಲ ಚಿಮ್ಮಿದಾಗ ತಲೆ ಎರಡು ಸಲ ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಂಭವ 5,24,288ರಲ್ಲಿ 191, ಅಂದರೆ ಸುಮಾರು 2,745ರಲ್ಲಿ 1. ಇದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ನಿಮ್ಮ ವಿದ್ಯಾರ್ಥಿಗಳಿಂದಲೂ ಈ ಲೆಕ್ಕ ಮಾಡಿಸಿ ನೋಡಿ. ಈ ಪ್ರಯೋಗಶಾಲೆಯ ಕೆಲಸಕ್ಕೆ 1954ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ನಮಗೇನು ಪಾಠ?

ಗಂಟಲು ನೋವು ಕಂಡೊಡನೆ ಪ್ರತಿಜೈವಿಕ ನುಂಗಬೇಕು ಎಂಬುದು ಈ ಚರಿತ್ರೆಯ ಪಾಠವಲ್ಲ. ವೈರಸ್ಸಿನ ಮೇಲೆ ಪೆನಿಸಿಲಿನ್ ಕೆಲಸ ಮಾಡದು. ನೆಗಡಿ, ಕೆಮ್ಮು, ಧ್ವನಿ ಒಡೆಯುವಿಕೆ ಜೊತೆಗಿದ್ದರೆ ಅದು ಬಹುಶಃ ವೈರಸ್ಸಿನದು. ಉಪ್ಪುನೀರು, ವಿಶ್ರಾಂತಿ ಸಾಕು. ಮಕ್ಕಳ ಗಂಟಲು ನೋವಿನಲ್ಲಿ ಹತ್ತರಲ್ಲಿ ಎರಡು ಮೂರು ಮಾತ್ರ ಎ ಗುಂಪಿನ ಸ್ಟ್ರೆಪ್ಟೊಕಾಕಸ್‌ನಿಂದ ಬರುತ್ತವೆ. ಕೆಮ್ಮಿಲ್ಲದೆ ಹಠಾತ್ತನೆ ಜ್ವರ, ಕೀವು ಕಟ್ಟಿದ ಟಾನ್ಸಿಲ್, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟುಗಳು: ಇವು ಅನುಮಾನ ಹುಟ್ಟಿಸುವ ಲಕ್ಷಣಗಳು. ಆಗ ವೈದ್ಯರು ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು ಪರೀಕ್ಷೆಗೆ ಕಳುಹಿಸಬಹುದು. ಅವಸರಪಡಬೇಕಿಲ್ಲ, ನೋವು ಶುರುವಾಗಿ 9 ದಿನಗಳೊಳಗೆ ಚಿಕಿತ್ಸೆ ಆರಂಭಿಸಿದರೂ ಕೀಲುವಾತ ಜ್ವರವನ್ನು ತಡೆಯಬಹುದು. ಆದರೆ ಮಾತ್ರೆ ಕೊಟ್ಟಷ್ಟು ದಿನವೂ, ಪೆನಿಸಿಲಿನ್ ಆದರೆ ಸಾಮಾನ್ಯವಾಗಿ 10 ದಿನ, ತಪ್ಪದೆ ನುಂಗಬೇಕು. ನೋವು ಇಳಿಯಿತೆಂದು ಮೂರನೆಯ ದಿನಕ್ಕೇ ನಿಲ್ಲಿಸುವುದೇ ನಾವು ಮಾಡುವ ತಪ್ಪು. ಈ ಬ್ಯಾಕ್ಟೀರಿಯ ಇಂದಿಗೂ ಪೆನಿಸಿಲಿನ್‌ಗೆ ಮಣಿಯುತ್ತದೆ ಎಂಬುದು ನಮ್ಮ ಅದೃಷ್ಟ.

ಕಿಕ್ಕಿರಿದ ಮನೆಗಳೂ ಕೈಗೆಟುಕದ ವೈದ್ಯಸೇವೆಯೂ ಇರುವೆಡೆ ಈ ಕಾಯಿಲೆ ಇನ್ನೂ ಉಳಿದಿದೆ. ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಭೆ ಇದರ ನಿಯಂತ್ರಣಕ್ಕಾಗಿ ನಿರ್ಣಯವನ್ನೇ ಅಂಗೀಕರಿಸಿತು. 5ರಿಂದ 15 ವರ್ಷದ ಮಕ್ಕಳೇ ಇದಕ್ಕೆ ಹೆಚ್ಚಾಗಿ ಗುರಿ, ಎಂದರೆ ನಿಮ್ಮ ತರಗತಿಯ ಮಕ್ಕಳೇ. ಕವಾಟ ಕೆಟ್ಟ ಮೇಲೆ ಶಸ್ತ್ರಚಿಕಿತ್ಸೆಗೆ ಓಡುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಜ್ವರ ಬಂದು, ಎಂಜಲು ನುಂಗಲೂ ಕಷ್ಟಪಡುತ್ತ ಹಿಂದಿನ ಬೆಂಚಿನಲ್ಲಿ ಮಂಕಾಗಿ ಕುಳಿತ ಮಗು ನಿಮ್ಮ ಕಣ್ಣಿಗೆ ಬಿದ್ದರೆ, ವೈದ್ಯರಿಗೆ ತೋರಿಸುವಂತೆ ಅದರ ತಂದೆತಾಯಿಗೆ ಹೇಳಿಕಳುಹಿಸಿ. ಆ ಒಂದು ಮಾತು ಒಂದು ಹೃದಯವನ್ನು ಉಳಿಸಬಹುದು.